ಎಡಗಣ್ಣಿಗೆ ಹೋದ ಐಗ್ಲಾಸ್

ನಲವತ್ತೊಂದು ವರ್ಷ ಜನರ ಕೈಗಡಿಯಾರ ರಿಪೇರಿ ಮಾಡಿದ ವಾಚ್ ಮಾಮನಿಗೆ ತನ್ನ ಬಲಗಣ್ಣೆಂದರೆ ಎಲ್ಲಿಲ್ಲದ ಹೆಮ್ಮೆ. ಎಡಗಣ್ಣು ಇರುವುದು ದಾರಿ ನೋಡಲಿಕ್ಕೆ, ಅನ್ನ ಹಾಕುವುದು ಬಲಗಣ್ಣು ಎಂದು ಹೇಳಿಕೊಳ್ಳುತ್ತಿದ್ದ.

ಅವನ ಅಂಗಡಿ ಇದ್ದದ್ದು ಒಂದು ಮಹಡಿ ಮನೆಯ ಮೆಟ್ಟಿಲುಗಳ ಕೆಳಗೆ. ಮೇಲಿನ ಮನೆಯವರು ಇಳಿದರೆ ಅವನ ತಲೆಯ ಮೇಲೇ ನಡೆದಂತೆ ಸದ್ದು. ಬೆಳಿಗ್ಗೆ ಬಂದು ಕುಳಿತು, ಐಗ್ಲಾಸ್ ಎಂದು ವಾಚ್ ರಿಪೇರಿಯವರು ಕರೆಯುವ ಆ ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿನ ಗೂಡಿಗೆ ಸಿಕ್ಕಿಸಿ ಹುಬ್ಬಿನಿಂದ ಬಿಗಿಹಿಡಿದನೆಂದರೆ ಊಟದ ಹೊತ್ತಿನ ತನಕ ತೆಗೆಯುತ್ತಿರಲಿಲ್ಲ. ಗಿರಾಕಿ ಬಂದರೂ ಹಾಗೇ ತಲೆಯೆತ್ತಿ ನೋಡುತ್ತಿದ್ದ. ಹೊಸಬರಾದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅವನಿಗೆ ಅರವತ್ತು ತುಂಬಿದ ದಿನ ಮಗಳು ಹೊಸ ಐಗ್ಲಾಸ್ ತಂದುಕೊಟ್ಟಳು. ಹಳೆಯದು ಮರದ್ದು, ಅಂಚು ಸವೆದು ಒಂದು ಕಡೆ ಸೀಳು ಬಿಟ್ಟಿತ್ತು. ಹೊಸದರ ಅಂಚಿಗೆ ಮೆತ್ತನೆಯ ಕಪ್ಪು ರಬ್ಬರ್.

"ಆ ಮರದ ತುಂಡಿಗೆ ಇನ್ನು ರಜೆ ಕೊಡಿ ಅಪ್ಪ," ಎಂದು ಮಗಳು ಹಳೆಯದನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು. ಮಾಮ ಹೊಸದನ್ನು ಬೀದಿಯವರಿಗೆಲ್ಲ ತೋರಿಸಿದ. ಪಕ್ಕದ ಕ್ಷೌರದಂಗಡಿಯವನಿಗೆ ಎರಡು ಸಲ ತೋರಿಸಿದ.

ಎರಡು ವಾರ ಕಳೆಯುವಷ್ಟರಲ್ಲಿ ಬಲಗಣ್ಣಿನ ಸುತ್ತ ಕೆಂಪಾಗಿ, ರೆಪ್ಪೆ ಊದಿಕೊಂಡಿತು. ತುರಿಕೆಯೋ ತುರಿಕೆ.

"ಯಾರೋ ಗುದ್ದಿದ ಹಾಗಿದೆಯಲ್ಲ ಮಾಮ. ಮನೇಲಿ ಎಲ್ಲ ಸರಿ ಇದೆ ತಾನೇ?" ಎಂದು ಕ್ಷೌರದವನು ತನ್ನ ಡಬ್ಬಿಯಿಂದ ಯಾವುದೋ ಮುಲಾಮು ತೆಗೆದುಕೊಟ್ಟ. ಹಚ್ಚಿದ್ದಕ್ಕೆ ಉರಿಯೂ ಸೇರಿತು. ಡಾಕ್ಟರಲ್ಲಿಗೆ ಹೋಗೋಣ ಎಂದು ಹೆಂಡತಿ ಹೇಳಿದಾಗಲೆಲ್ಲ ಮಾಮ ನಾಳೆ ನೋಡೋಣ ಎನ್ನುತ್ತಿದ್ದ.

ಕೊನೆಗೆ ಅವನು ಮಾಡಿದ್ದು ವಾಚ್ ರಿಪೇರಿಯವರು ಮಾತ್ರ ಮಾಡಬಲ್ಲ ಎಡವಟ್ಟು. ದುಡಿದ ಕಣ್ಣು ದಣಿದಿದೆ, ಸ್ವಲ್ಪ ದಿನ ಆರಾಮವಾಗಿರಲಿ ಎಂದು ಐಗ್ಲಾಸನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡ. ಸೋಮಾರಿ ಎಡಗಣ್ಣು ಸ್ಕ್ರೂ ಒಂದು ಕಡೆಯಿದ್ದರೆ ಚಿಮಟವನ್ನು ಇನ್ನೊಂದು ಕಡೆ ಒಯ್ಯುತ್ತಿತ್ತು. ಆದರೂ ಬಲಗಣ್ಣಿನ ಊತ ದಿನದಿನಕ್ಕೆ ಇಳಿಯಿತು. ಗೆದ್ದೆ ಅಂದುಕೊಳ್ಳುವಾಗಲೇ ಎಡಗಣ್ಣು ಊದಿತು.

ಮಾಮನ ಜೀವ ಬಾಯಿಗೆ ಬಂತು. ರೋಗ ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟಿದೆ, ಎರಡನ್ನೂ ತಿಂದೇ ಹೋಗುತ್ತದೆ ಎಂದು ಅವನಿಗೆ ಖಾತ್ರಿಯಾಯಿತು. ಬೇರೆ ಕೆಲಸ ಕಲಿತವನಲ್ಲ. ಬಿಚ್ಚಿಟ್ಟ ಗಡಿಯಾರಗಳನ್ನೆಲ್ಲ ಕೂಡಿಸಿ, ಬಂದವರಿಗೆ "ಬೇರೆ ಯಾರಿಗಾದ್ರೂ ಕೊಡಿ" ಎಂದು ಹಿಂದಕ್ಕೆ ಕೊಡತೊಡಗಿದ. ಇದನ್ನು ಕೇಳಿದ ಹೆಂಡತಿ ಅಂಗಡಿಗೇ ಬಂದು ಬಾಗಿಲೆಳೆದು ಬೀಗ ಹಾಕಿ, ಅವನ ರಟ್ಟೆ ಹಿಡಿದು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಅವನ ಮಗಳ ವಯಸ್ಸಿನವಳು. ಬಲಗಣ್ಣು, ಮುಲಾಮು, ಎಡಗಣ್ಣು ಎಂದು ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕಣ್ಣೊಳಗೆ ದೀಪ ಬಿಟ್ಟು ನೋಡಿದಳು, ಗೋಡೆಯ ಮೇಲಿನ ಅಕ್ಷರ ಓದಿಸಿದಳು, ಆಮೇಲೆ ಮುಖವನ್ನೇ ನೋಡುತ್ತ ಕುಳಿತಳು.

"ಕೆಂಪು ದುಂಡಗಿದೆಯಲ್ಲ. ಕಣ್ಣಿಗೆ ಏನಾದ್ರೂ ಇಟ್ಕೋತೀರಾ?"

ಮಾಮ ಜೇಬಿನಿಂದ ಐಗ್ಲಾಸ್ ತೆಗೆದ. ಅವಳು ಅದನ್ನು ತಾಗಿಸದೆ ಅವನ ಕಣ್ಣಿನ ಎದುರು ಹಿಡಿದಳು. ರಬ್ಬರಿನ ಅಂಚಿಗೂ ಕೆಂಪಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಬಲಗಣ್ಣಿನ ಊತ ಯಾವಾಗ ಇಳೀತು?"

"ಇದನ್ನ ಎಡಗಣ್ಣಿಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಸಾಸಿವೆಗಿಂತ ಸಣ್ಣ ತಪ್ಪನ್ನು ಹುಡುಕಿ ತೆಗೆಯುತ್ತಿದ್ದವನು ಕಣ್ಣ ಮೇಲೇ ಕುಳಿತದ್ದನ್ನು ಕಂಡಿರಲಿಲ್ಲ.

"ಈ ರಬ್ಬರ್ ನಿಮ್ಮ ಚರ್ಮಕ್ಕೆ ಒಗ್ತಿಲ್ಲ, ಅಲರ್ಜಿ. ಇದನ್ನ ಇನ್ನು ಹಾಕ್ಕೋಬೇಡಿ. ತುರಿಸಿದ್ರೂ ಉಜ್ಜಬೇಡಿ, ತಣ್ಣೀರಲ್ಲಿ ಅದ್ದಿದ ಶುದ್ಧವಾದ ಬಟ್ಟೆ ಇಟ್ಕೊಳ್ಳಿ. ಯಾರೋ ಕೊಟ್ಟ ಮುಲಾಮು ಬೇಡ, ನಾನು ಬರೆದ ಡ್ರಾಪ್ಸ್ ಮಾತ್ರ ಒಂದು ವಾರ. ನೋವಾದ್ರೆ, ಮಂಜಾದ್ರೆ ತಕ್ಷಣ ಬನ್ನಿ. ದೃಷ್ಟಿಗೆ ಏನೂ ಆಗಿಲ್ಲ."

"ಕೊನೇದು ಇನ್ನೊಂದ್ಸಲ ಹೇಳಮ್ಮ."

"ದೃಷ್ಟಿಗೆ ಏನೂ ಆಗಿಲ್ಲ," ಎಂದಳು ಅವಳು, ಮೊದಲಿಗಿಂತ ನಿಧಾನವಾಗಿ. ಔಷಧಿಗಿಂತ ಆ ಎರಡನೆಯ ಸಲಕ್ಕೇ ತಾನು ಹೆಚ್ಚು ಋಣಿ ಎಂದು ಮಾಮ ಇವತ್ತಿಗೂ ಹೇಳುತ್ತಾನೆ.

ದಾರಿಯಲ್ಲಿ ಅವನು ಹೆಂಡತಿಗೆ, "ಮಗಳ ಕಿವಿಗೆ ಬೀಳೋದು ಬೇಡ, ಆಸೆಪಟ್ಟು ಕೊಟ್ಟಿದ್ದು," ಎಂದ. ಹೆಂಡತಿ ಹೂಂಗುಟ್ಟಿದಳು. ಮಾರನೆಯ ಸಂಜೆಯೇ ಮಗಳು ಬಂದು ಬಾಗಿಲಲ್ಲಿ ನಿಂತಿದ್ದಳು.

ಅವಳು ಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಹಳೆಯ ಮರದ ಐಗ್ಲಾಸ್. ಸೀಳಿದ್ದ ಕಡೆ ಬಿಳಿ ನೂಲು ಒತ್ತಾಗಿ ಸುತ್ತಿದ್ದಳು.

"ನಿಜ ಹೇಳ್ತೀನಿ ಅಪ್ಪ. ಇದು ನನಗೆ ಬೇಕಿತ್ತು. ಕೇಳಿ ತಗೊಂಡ್ರೆ ನೀವು ಕೆಲಸಕ್ಕೆ ಏನು ಮಾಡ್ತೀರಿ ಅಂತ ಹೊಸದು ಕೊಟ್ಟೆ. ಚಿಕ್ಕವಳಿದ್ದಾಗ ಬೆರಳಿಗೆ ವಾಚಿನ ಗಾಜು ಹೊಕ್ಕಿತ್ತಲ್ಲ, ಇದನ್ನ ಹಾಕ್ಕೊಂಡೇ ತೆಗೆದ್ರಿ. ನನ್ನ ಆಸೆಗೆ ನಿಮ್ಮ ಕಣ್ಣು ಹೋಗ್ತಿತ್ತು." ಅವಳ ಕಣ್ಣು ತುಂಬಿತು.

"ನೀನು ಎತ್ತಿಟ್ಟುಕೊಂಡಿದ್ದಕ್ಕೆ ಉಳೀತು. ನನ್ನ ಕೈಲಿದ್ದಿದ್ರೆ ಯಾವತ್ತೋ ಬಿಸಾಕಿರ್ತಿದ್ದೆ," ಎಂದ ಮಾಮ. "ಅಳಬೇಡ, ಅತ್ತರೆ ನಿನ್ನ ಕಣ್ಣೂ ಊದುತ್ತೆ. ಮನೆಗೆ ಒಂದು ಜೊತೆ ಸಾಕು."

ವಾರ ಕಳೆದ ಮೇಲೆ ಡಾಕ್ಟರಮ್ಮ ಮರದ್ದನ್ನು ಹಾಕಿಕೊಳ್ಳಬಹುದು ಎಂದಳು. ಮಾಮ ಅಂಗಡಿಯ ಬೀಗ ತೆಗೆದು, ದೀಪ ಹಚ್ಚಿ, ಐಗ್ಲಾಸನ್ನು ಬಲಗಣ್ಣಿಗೆ ಸಿಕ್ಕಿಸಿದ. ಜೊತೆಗೆ ಬಂದಿದ್ದ ಮಗಳು ಒಂದು ಗಡಿಯಾರ ಎತ್ತಿ ಅವನ ಮುಂದಿಟ್ಟಳು. ಅವನು ಅದನ್ನು ಪಕ್ಕಕ್ಕೆ ಸರಿಸಿದ.

"ಮೊದಲು ಕೈ ಕೊಡು."

ಅವಳ ತೋರುಬೆರಳನ್ನು ದೀಪದ ಕೆಳಗೆ ತಿರುಗಿಸಿ ನೋಡಿದ. ತುದಿಯಲ್ಲಿ, ಬೇರೆ ಯಾರಿಗೂ ಕಾಣದಷ್ಟು ಸಣ್ಣದಾಗಿ, ಆ ಗಾಜಿನ ಬಿಳಿ ಗುರುತು ಇನ್ನೂ ಇತ್ತು. ಅವನಿಗೆ ಕಾಣಿಸಿತು.