ಹಗ್ಗ ಹಿಡಿದವನ ಮಗ

ನಮ್ಮ ಪಂಪ್‌ಹೌಸಿನ ಆಪರೇಟರನಿಗೆ ಪುರಾವೆಯಪ್ಪ ಎಂದು ಹೆಸರಿಟ್ಟವನು ನಾನೇ. ಮೋಟಾರು ಹಾಕಿದ ಮೇಲೆ ಮೀಟರಿನ ಮುಳ್ಳು ನೋಡುತ್ತ ಕೂರುವುದಷ್ಟೇ ಅವನ ಕೆಲಸ. ಆ ಬಿಡುವಿನಲ್ಲಿ, ಯಾರು ಬೇಕಾದರೂ ಬರೆದು ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದ ಜಾಲತಾಣವೊಂದಕ್ಕೆ ಅಂಟಿಕೊಂಡ. ಮೊದಮೊದಲು ತಪ್ಪು ಇಸವಿ ತಿದ್ದುತ್ತಿದ್ದವನು ಬರಬರುತ್ತ ಮೇಷ್ಟರಾಗಿಬಿಟ್ಟ. ಯಾರಾದರೂ ಮನೆಯ ಹಿರಿಯರಿಂದ ಕೇಳಿದ್ದನ್ನು ಬರೆದರೆ ಸಾಕು, "ಪುರಾವೆ ಎಲ್ಲಿ?" ಎಂದು ಅಳಿಸಿಹಾಕುವನು. ಅವನು ಡಬ್ಬಿ ತೆರೆದು "ಇವತ್ತು ಊಟ ಚೆನ್ನಾಗಿದೆ ಕಣೋ" ಎಂದರೆ ನಾವೆಲ್ಲ "ಪುರಾವೆ ಎಲ್ಲಿ?" ಎನ್ನುತ್ತಿದ್ದೆವು.

ಅಂಥವನು ನಮ್ಮ ಹೊಳೆಯ ದೋಣಿ ದುರಂತದ ಪುಟದಲ್ಲಿ, ಮುಳುಗುತ್ತಿದ್ದ ಜನರನ್ನು ಎಳೆದು ತಂದವನು ತನ್ನ ತಂದೆ ಎಂದು ಬರೆದ. ದುರಂತ ನಾವು ಚಿಕ್ಕವರಿದ್ದಾಗಿನದು. ಅವನಪ್ಪ ಅಂಬಿಗನೇ, ಅವತ್ತು ಅಲ್ಲೇ ಇದ್ದದ್ದೂ ನಿಜ. ಆದರೆ ನೀರಿಗೆ ಹಾರಿದವನು ಇನ್ನೊಬ್ಬ ಅಂಬಿಗ. ಇವನಪ್ಪ ದಡದಲ್ಲಿ ಹಗ್ಗ ಹಿಡಿದಿದ್ದ. ಮಗನಿಗೆ ಅದು ಗೊತ್ತಿತ್ತು. ಹಗ್ಗ ಹಿಡಿದದ್ದು ಅವನಿಗೆ ಸಾಲಲಿಲ್ಲ, ಅಷ್ಟೆ.

ಪತ್ರಿಕೆಯವನೊಬ್ಬ ಆ ಸಾಲನ್ನು ಹಾಗೇ ಎತ್ತಿ ವರದಿಗೆ ಹಾಕಿದ. ನಮ್ಮವನು ಆ ವರದಿಯನ್ನೇ ತಂದು ತನ್ನ ಸಾಲಿನ ಕೆಳಗೆ ಪುರಾವೆ ಎಂದು ಅಂಟಿಸಿದ. ಊರಿಗೆಲ್ಲ ಬುದ್ಧಿ ಹೇಳುವವನ ಕಥೆ ಇದು!

ವರದಿಯನ್ನು ಓದಿಸಿ ಕೇಳಿದ ಆ ಇನ್ನೊಬ್ಬ ಅಂಬಿಗನ ಹೆಂಡತಿ ಒಂದು ಮಧ್ಯಾಹ್ನ ಪಂಪ್‌ಹೌಸಿಗೆ ಬಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅವತ್ತು ಹೊಳೆಯಿಂದ ಬಂದು ಮಲಗಿದೋರು ನಮ್ಮೋರು ಮತ್ತೆ ಏಳಲೇ ಇಲ್ಲ ಕಣಪ್ಪಾ. ನಿಮ್ಮಪ್ಪ ಇರೋ ತನಕ ನಮ್ಮನೆಗೆ ಬಂದು ಅತ್ತು ಹೋಗೋರು. ಅವರೇ ಹೀಗೆ ಹೇಳಿದ್ರಾ?"

"ಇಲ್ಲ ಅಜ್ಜಿ. ನಾನೇ ಬರೆದದ್ದು."

"ಹಾಗಾದ್ರೆ ಅದನ್ನ ಅಳಿಸಿ ನಮ್ಮೋರ ಹೆಸರು ಹಾಕ್ಬಿಡು. ಅಲ್ಲಿ ಯಾರು ಬೇಕಾದ್ರೂ ಬರೀಬೋದಂತಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುವ ಹಾಗೆ ನಿಂತಿದ್ದ. ನನಗೂ ಅವನ ಮುಖ ನೋಡಲಾಗಲಿಲ್ಲ, ಮೀಟರು ನೋಡಿದೆ.

ಅಜ್ಜಿಯ ಎದುರೇ ತಿದ್ದಿದ. ಅವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಯಾರೋ ಹಳೆಯದನ್ನೇ ತಂದಿಟ್ಟಿದ್ದರು: "ಪುರಾವೆಯಿರುವ ಮಾಹಿತಿಯನ್ನು ದಯವಿಟ್ಟು ಅಳಿಸಬೇಡಿ." ಬೇರೆ ದಾರಿ ಕಾಣದೆ, ತಿದ್ದುವವರೆಲ್ಲ ವಾದ ಮಾಡುವ ಚರ್ಚಾಪುಟದಲ್ಲಿ ಬರೆದ: ಈ ಪುಟದಲ್ಲಿ ಹೆಸರಿರುವ ಅಂಬಿಗನ ಮಗ ನಾನೇ, ಸುಳ್ಳು ನನ್ನದೇ, ಪತ್ರಿಕೆಯವರು ನಕಲು ಮಾಡಿದ್ದು ನನ್ನ ಸಾಲನ್ನೇ. ಇಷ್ಟು ದಿನ ಇವನಿಂದ ಪಾಠ ಹೇಳಿಸಿಕೊಂಡವರೆಲ್ಲ ಬಂದು ಓದಿ ಹೋದರು. ನಾಚಿಕೆಯಿಂದ ಅವತ್ತು ಅವನು ಡಬ್ಬಿಯನ್ನೇ ತೆರೆಯಲಿಲ್ಲ.

ಅಲ್ಲಿಯವರು ನ್ಯಾಯವಾಗಿಯೇ ನಡೆದುಕೊಂಡರು. ಇವನಪ್ಪನ ಹೆಸರು ತೆಗೆದರು. ಇನ್ನೊಬ್ಬನ ಹೆಸರನ್ನು ಸೇರಿಸಲು ಒಪ್ಪಲಿಲ್ಲ. ಆ ಕಾಲದ ಪತ್ರಿಕೆಗಳಲ್ಲಿ "ಸ್ಥಳೀಯರು ರಕ್ಷಿಸಿದರು" ಎಂದಷ್ಟೇ ಇತ್ತು, ಮುದುಕಿಯ ಬಾಯಿಮಾತು ನಡೆಯುವುದಿಲ್ಲ. ಇವನು ಪರವಾಗಿ ಹೇಳಹೋದರೆ, ಸುಳ್ಳು ಬರೆದವನೆಂದು ಒಪ್ಪಿಕೊಂಡವನ ಮಾತು ಯಾರಿಗೆ ಬೇಕು?

ಅಜ್ಜಿ ಈಗಲೂ ಆ ದಾರಿಯಲ್ಲಿ ಬಂದಾಗ ಕಿಟಕಿಯಲ್ಲಿ ಇಣುಕುತ್ತಾರೆ. "ಬಂತೇನಪ್ಪಾ ನಮ್ಮೋರ ಹೆಸರು?" ಅವರ ದನಿ ಕೇಳಿದೊಡನೆ ಪುರಾವೆಯಪ್ಪ ಮೋಟಾರಿನ ಹಿಂದೆ ಹೋಗಿ ನಿಲ್ಲುತ್ತಾನೆ. "ಇನ್ನೇನು ಬರತ್ತೆ ಅಜ್ಜಿ" ಎಂದು ಸುಳ್ಳು ಹೇಳುವವನು ಈಗ ನಾನು.