ಬಿಡ್ರಿ ಎಂಬ ಮಾತು

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಾರಿ ಹೊಡೆಯುವವರೆಲ್ಲ ಹುಲಿಯ ಹಾಲು ಕುಡಿದವರೆಂದು ನಮ್ಮ ಕಡೆಯ ಜನ ತಿಳಿದಿದ್ದ ಕಾಲ ಅದು. ಹುಬ್ಬಳ್ಳಿಯಲ್ಲಿ ಆಗ ಲಾರಿಗಳೇ ಕಡಿಮೆ. ಚಹಾದಂಗಡಿಗೆ ಹೋದರೆ ಡ್ರೈವರ್ ಬಂದನೆಂದು ಸರಿದು ಜಾಗ ಕೊಡುತ್ತಿದ್ದರು. ಆ ಮರ್ಯಾದೆ ನನಗೂ ಬೇಕಿತ್ತು, ಆದರೆ ಒಳಗಿನ ಪುಕುಪುಕು ಯಾರಿಗೂ ಕಾಣಬಾರದಿತ್ತು. ಹತ್ತಿಯ ಅಂಡಿಗೆ ಹೇರಿಕೊಂಡು ಗದಗಿಗೆ ಹೋಗಿಬರುವಷ್ಟು ದಿನ ಅದು ಯಾರಿಗೂ ಕಾಣಲಿಲ್ಲ.

ಆಮೇಲೆ ಕಾರವಾರದ ಬಂದರಿಗೆ ಆ ಯಂತ್ರ ಬಂತು. ಗದಗಿನ ಆಚೆಯ ಗುಡ್ಡದಲ್ಲಿ ಚಿನ್ನದ ಗಣಿಯೊಂದನ್ನು ತೆರೆಯುತ್ತಿದ್ದರು. ಗಣಿಯ ಆಳದಿಂದ ಕಲ್ಲು ತುಂಬಿದ ತೊಟ್ಟಿಗಳನ್ನು ಮೇಲೆ ಎಳೆಯಲು ತರಿಸಿದ ಕಬ್ಬಿಣದ ಉರುಳೆ ಅದು. ಮನೆಯ ಬಾವಿಯ ರಾಟೆ ನೋಡಿದ್ದೀರಲ್ಲ, ಅದರ ಮುತ್ತಜ್ಜ ಎಂದುಕೊಳ್ಳಿ. ನಮ್ಮ ಮನೆಯ ಮಾಳಿಗೆಗಿಂತ ಎತ್ತರ, ಒಂದೇ ಎರಕ, ಬಿಚ್ಚಿ ಸಾಗಿಸೋಣವೆಂದರೆ ಬಿಚ್ಚಲು ಬಾರದು. ಗೋವೆಯಲ್ಲಿ ಇಳಿಸಿ ರೈಲಿಗೆ ಹೇರಬೇಕೆಂದರೆ ಘಟ್ಟದ ಸುರಂಗಗಳಲ್ಲಿ ಅದು ಹಿಡಿಸುವುದಿಲ್ಲ. ಉಳಿದದ್ದು ರಸ್ತೆ ಮಾತ್ರ. ಕಾರವಾರದಿಂದ ಘಟ್ಟ ಹತ್ತಿ ಯಲ್ಲಾಪುರ; ಮುಂದೆ ಕಲಘಟಗಿ ದಾರಿಯ ಸೇತುವೆ ಆ ಭಾರ ತಡೆಯದೆಂದು ಸುತ್ತುಹಾಕಿ ಹಳಿಯಾಳ, ಧಾರವಾಡ, ಅಲ್ಲಿಂದ ಹುಬ್ಬಳ್ಳಿ, ಗದಗ.

ಈ ಕೆಲಸ ಹಿಡಿದವರು ನಮ್ಮ ಮಾವ. ಅವರು ನನಗೆ ಎರಡು ಕಡೆಯಿಂದಲೂ ಮಾವ, ತಾಯಿಯ ಅಣ್ಣ ಮತ್ತು ಹೆಂಡತಿಯ ತಂದೆ. ಗಿರಣಿಯ ಬಾಯ್ಲರಿನಂಥ ದೊಡ್ಡ ಭಾರಗಳನ್ನು ಸಾಗಿಸುವ ಮೇಸ್ತ್ರಿ ಅವರು. ಮದುವೆಗೆ ಮುಂಚೆ ನನ್ನನ್ನು ‘ಲೇ ತಮ್ಮಾ’ ಎಂದು ಕರೆಯುತ್ತಿದ್ದವರು ಅಕ್ಷತೆ ಬಿದ್ದ ಮರುದಿನವೇ ‘ಬರ್ರಿ ಅಳಿಯಂದ್ರ’ ಎಂದು ಶುರುಮಾಡಿದರು. ಅಷ್ಟು ಉಪಚಾರದ ಮನುಷ್ಯ. ಅವರು ಕೇಳಿದಾಗ ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಂಡತಿ ಆಗ ಉಣಕಲ್ಲಿನ ತವರಿನಲ್ಲಿ ಹಸಿ ಬಾಣಂತಿ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ನಾನೂ ಮಾವನೂ ತಿರುಗಿ ಬಂದ ಮೇಲೆಯೇ ತೊಟ್ಟಿಲಿಗೆ ಹಾಕುವುದೆಂದು ಅತ್ತೆ ನಿಶ್ಚಯ ಮಾಡಿದ್ದರು. ನಾನು ಹೊರಡುವಾಗ ಹೆಂಡತಿ ಒಂದೇ ಮಾತು ಹೇಳಿದಳು: “ನನಗ ಯಂತ್ರ ಗಿಂತ್ರ ಏನೂ ತಿಳಿಯೂದಿಲ್ಲ. ನೀವಿಬ್ರೂ ಬರಬೇಕು, ಅಷ್ಟ.”

ಕಾರವಾರದಲ್ಲಿ ಉರುಳೆಯನ್ನು ಮೊದಲ ಸಲ ಕಂಡಾಗ ಎರಡು ಹೆಜ್ಜೆ ಹಿಂದೆ ಸರಿದೆ. ಕಬ್ಬಿಣದ ಗಾಲಿಗಳ ಉದ್ದನೆಯ ಬಂಡಿಯ ಮೇಲೆ ಅದನ್ನು ಕೂರಿಸಿ ನನ್ನ ಲಾರಿಯ ಹಿಂದೆ ಕಟ್ಟಿದರು. ಲಾರಿಗೆ ಬ್ರೇಕು ಇತ್ತು, ನಿಜ. ಅದು ಲಾರಿಯನ್ನು ನಿಲ್ಲಿಸುತ್ತಿತ್ತೇ ವಿನಾ ಆ ಮುತ್ತಜ್ಜನನ್ನಲ್ಲ. ಇಳಿಜಾರಿನಲ್ಲಿ ಬಂಡಿಯನ್ನು ತಡೆಯುತ್ತಿದ್ದುದು ಹಗ್ಗ. ಹಡಗಿನ ದಪ್ಪ ಹಗ್ಗದ ಒಂದು ತುದಿಯನ್ನು ಬಂಡಿಯ ಹಿಂಬದಿಗೆ ಕಟ್ಟಿ, ಇನ್ನೊಂದನ್ನು ರಸ್ತೆಯ ಪಕ್ಕದ ಮರಕ್ಕೆ ಸುತ್ತಿ, ಆಳುಗಳು ಅದನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತಿದ್ದರು. ಹಗ್ಗ ಮುಗಿಯುತ್ತ ಬಂದಾಗ ಬಂಡಿ ನಿಲ್ಲಿಸಿ, ಗಾಲಿಗಳಿಗೆ ಕಟ್ಟಿಗೆಯ ದಿಮ್ಮಿ ಅಡ್ಡ ಕೊಟ್ಟು, ಆಮೇಲೆ ಹಗ್ಗವನ್ನು ಮರದಿಂದ ಬಿಚ್ಚಿ ಮುಂದಿನ ಮರಕ್ಕೆ ಒಯ್ಯುತ್ತಿದ್ದರು.

ಹಗ್ಗದವರಿಗೆ ಗಾಲಿಗಳು ಕಾಣುತ್ತಿರಲಿಲ್ಲ, ನಡುವೆ ಉರುಳೆ ಅಡ್ಡ. ಅದಕ್ಕಾಗಿ ಮಾವ ಬಂಡಿಯ ಪಕ್ಕದಲ್ಲಿ ನಡೆಯುತ್ತ ಕೂಗಿ ಹೇಳಬೇಕು. ಮುಂಬಯಿಯಿಂದ ಬಂದ ಎಂಜಿನಿಯರ್ ಸಾಹೇಬರು ಸೀಟಿಯೊಂದನ್ನು ಕೊಡಲು ಬಂದರು. ಮಾವ ನಕ್ಕರು.

“ಸೀಟಿ ಊದಾಕ ನಾವೇನ್ ರೈಲಿನ ಗಾರ್ಡ್ ಅದೀವೇನ್ರಿ ಸಾಹೇಬ್ರ? ನಂದೊಂದು ದನಿ ಸಾಕ್ರಿ.”

ಸಾಕಾಗುವಂಥದೇ ದನಿ. ಉಣಕಲ್ ಕೆರೆಯ ಈ ದಂಡೆಯಲ್ಲಿ ನಿಂತು ಆ ದಂಡೆಯವರನ್ನು ಊಟಕ್ಕೆ ಕರೆಯಬಲ್ಲವರು. ಎರಡೇ ಮಾತು ಗೊತ್ತುಮಾಡಿದರು. ‘ಹಿಡೀರಿ’ ಎಂದರೆ ಹಗ್ಗ ಬಿಗಿ ಜಗ್ಗಬೇಕು. ‘ಬಿಡ್ರಿ’ ಎಂದರೆ ದಿಮ್ಮಿ ಕೊಟ್ಟಾಗಿದೆ, ಹಗ್ಗ ಬಿಚ್ಚಬಹುದು.

“ಈ ಕೆಲಸ ಮುಗಿಯೂತನಕ ಯಾರೂ ‘ಬಿಡ್ರಿ’ ಅನ್ನಂಗಿಲ್ಲ. ನಾ ಒಬ್ಬಾಂವ ಅನ್ನಾಂವ. ತಿಳೀತೇನು?” ಎಂದರು ಮಾವ.

“ಆತ್ ಬಿಡ್ರಿ ಮೇಸ್ತ್ರಿ,” ಎಂದ ಹಗ್ಗದ ಆಳೊಬ್ಬ.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾವನೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಹುಬ್ಬಳ್ಳಿ–ಧಾರವಾಡದ ಮನುಷ್ಯ ಅನ್ನವಿಲ್ಲದೆ ಒಂದು ದಿನ ಇದ್ದಾನು, ‘ಬಿಡ್ರಿ’ ಇಲ್ಲದೆ ಇರಲಾರ. ಯಾರೋ ಸತ್ತರೆ ‘ಹೋಗ್ಲಿ ಬಿಡ್ರಿ, ಪುಣ್ಯಾತ್ಮ’, ಮದುವೆ ಗೊತ್ತಾದರೆ ‘ಛಲೋ ಆತ್ ಬಿಡ್ರಿ’, ಕಾಲು ತುಳಿದವನು ಕೈಮುಗಿದರೆ ‘ಇರ್ಲಿ ಬಿಡ್ರಿ’. ಇಂಥ ಜನ ಇಂಥ ಮಾತಿಗೆ ನನ್ನ ಪ್ರಾಣ ಕಟ್ಟಿದ್ದರು.

ಘಟ್ಟದ ದಿನಗಳನ್ನು ನಾನು ಈಗಲೂ ಮರೆತಿಲ್ಲ. ಬೇರೆ ಡ್ರೈವರುಗಳಿಗೆ ಅಪಾಯ ಮುಂದಿರುತ್ತದೆ, ಕಣ್ಣಿಗೆ ಕಾಣುತ್ತದೆ. ನನ್ನದು ಬೆನ್ನ ಹಿಂದೆ ಇತ್ತು. ತಿರುಗಿ ನೋಡಿದರೆ ಕಿಟಕಿಯ ತುಂಬ ಕಪ್ಪು ಕಬ್ಬಿಣ, ಆಕಾಶವಿಲ್ಲ. ಬಂಡಿ ತುಸು ಜರುಗಿದರೂ ನನ್ನ ಬೆನ್ನುಹುರಿಗೆ ಮೊದಲು ಗೊತ್ತಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಬುತ್ತಿಯ ರೊಟ್ಟಿಯನ್ನು ಆಳುಗಳಿಗೆ ಕೊಟ್ಟು, ಹಸಿವಿಲ್ಲವೆಂದು ಸುಳ್ಳು ಹೇಳುತ್ತಿದ್ದೆ. ಅವರು ಡ್ರೈವರ್ ಸಾಹೇಬರದು ದೊಡ್ಡ ಮನಸ್ಸು ಎಂದು ಹೊಗಳುತ್ತಿದ್ದರು.

ಆದರೆ ಘಟ್ಟದಲ್ಲಿ ಏನೂ ಆಗಲಿಲ್ಲ. ಅಲ್ಲಿ ಎಲ್ಲರಿಗೂ ಹೆದರಿಕೆ ಇತ್ತು, ಹೆದರಿದವನ ನಾಲಿಗೆ ಹತೋಟಿಯಲ್ಲಿರುತ್ತದೆ. ಮಾತಾಡಿಸಲು ಕಾಡಿನಲ್ಲಿ ಯಾರಿದ್ದರು?

ಧಾರವಾಡ ಮುಟ್ಟಿದಾಗ ಎಲ್ಲ ಬದಲಾಯಿತು. ಜನ ಬೀದಿಯ ಎರಡೂ ಕಡೆ ನಿಂತು ಉರುಳೆಗೆ ಕೈಮುಗಿದರು. ಒಬ್ಬರು ತೋಪು ಎಂದರು, ಒಬ್ಬರು ಗಾಣ ಎಂದರು. ಗುರುತಿನವರು ಸಿಕ್ಕಸಿಕ್ಕಲ್ಲಿ ಮಾವನನ್ನು ಮಾತಾಡಿಸಿದರು. ಆಳುಗಳ ಮುಖ ಅರಳಿತು. ಇನ್ನೇನು, ಮನೆ ಬಂತು. ನನಗೂ ಹಾಗೆಯೇ ಅನ್ನಿಸಿತು. ಧಾರವಾಡ ಬಿಟ್ಟು ಸತ್ತೂರಿನ ಕಡೆ ಇಳಿಯುವ ಇಳಿಜಾರಿಗೆ ಬಂದಾಗ ನಾನು ಕೂಸಿನ ಮುಖ ನೆನೆಯುತ್ತಿದ್ದೆ. ಘಟ್ಟದ ಮುಂದೆ ಅದೊಂದು ಇಳಿಜಾರೇ ಅಲ್ಲ. ಆದರೂ ಮಾವ ನೇಮ ಬಿಡಲಿಲ್ಲ. ದೊಡ್ಡ ಆಲದ ಮರಕ್ಕೆ ಹಗ್ಗ ಸುತ್ತಿಸಿದರು. ರಾತ್ರಿ ಬಿದ್ದ ಮಳೆಗೆ ಪಕ್ಕದ ಎರೆಹೊಲಗಳು ಕಪ್ಪಗೆ ಹೊಳೆಯುತ್ತಿದ್ದವು.

ಅರ್ಧ ಇಳಿದಿದ್ದೆವು. ಹಗ್ಗ ಮುಗಿಯುತ್ತ ಬಂದಿತ್ತು, ಗಾಲಿಗಳಿಗೆ ದಿಮ್ಮಿ ಇನ್ನೂ ಕೊಟ್ಟಿರಲಿಲ್ಲ. ನವಲೂರಿನ ಕಡೆಯ ಹೆಣ್ಣುಮಗಳೊಬ್ಬಳು ಪೇರಲಹಣ್ಣಿನ ಬುಟ್ಟಿ ಹೊತ್ತು ಏರಿ ಬರುತ್ತಿದ್ದಳು. ಬಂಡಿಯ ಪಕ್ಕದಲ್ಲಿ ಬೆವರು ಸುರಿಸುತ್ತ ನಡೆಯುತ್ತಿದ್ದ ಮಾವನನ್ನು ನೋಡಿ ಅವಳಿಗೆ ಕರುಣೆ ಬಂದಿರಬೇಕು.

“ಯಣ್ಣಾ, ಭಾಳ ದಣದೀರಿ. ಎರಡು ಹಣ್ಣು ತಿನ್ರಿ,” ಎಂದಳು.

“ಇರ್ಲಿ, ಇರ್ಲಿ ತಂಗೀ,” ಎಂದರು ಮಾವ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಧಾರವಾಡದ ಉಪಚಾರ ಒಂದು ಸಲಕ್ಕೆ ಮುಗಿಯುವುದುಂಟೇ? ಅವಳು ಬುಟ್ಟಿ ಇಳಿಸಿ, ಒಳ್ಳೆಯ ಹಣ್ಣು ಆರಿಸಿ, ಕೈಯಲ್ಲಿ ಹಿಡಿದು ಒತ್ತಾಯ ಮಾಡಿದಳು. ಒತ್ತಾಯ ಹೆಚ್ಚಿದಷ್ಟೂ ಒಲ್ಲೆ ಎನ್ನುವವರ ದನಿ ಏರಬೇಕು, ಇಲ್ಲದಿದ್ದರೆ ಅದು ಮರ್ಯಾದೆಯಲ್ಲ. ಮಾವ ಎರಡೂ ಕೈ ಎತ್ತಿ, ಕೆರೆ ದಾಟಿಸುವ ದನಿಯಲ್ಲಿ, ಪ್ರೀತಿಯಿಂದ ಅಂದರು:

“ಇರ್ಲಿ ಬಿಡ್ರಿ, ತಾಯೀ! ಬಿಡ್ರಿ! ಬಿಡ್ರಿ!”

ಹಿಂದಿನವರಿಗೆ ಹಣ್ಣೂ ಕಾಣದು, ಹೆಣ್ಣುಮಗಳೂ ಕಾಣಳು. ಕೇಳಿಸಿದ್ದು ಮೇಸ್ತ್ರಿಯ ದನಿ, ‘ಬಿಡ್ರಿ’ ಎಂಬ ಮಾತು. ಕಾರವಾರದಿಂದ ಮಾಡಿಕೊಂಡು ಬಂದದ್ದನ್ನೇ ಅವರು ಮಾಡಿದರು. ಹಗ್ಗವನ್ನು ಮರದಿಂದ ಬಿಚ್ಚಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನ ಮುಖ ಒಂದು ಕ್ಷಣ ಕಿಟಕಿಯಲ್ಲಿ ಕಂಡಿತು, ಬಾಯಿ ತೆರೆದೇ ಇತ್ತು. ಆಮೇಲೆ ಕಾಣಲಿಲ್ಲ. ಬಂಡಿ ನನ್ನನ್ನು ಹಿಂದಿನಿಂದ ನೂಕಿತು. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಎದ್ದು ನಿಂತೆ. ಸುಟ್ಟ ವಾಸನೆ ಬಂತು, ಲಾರಿ ನಿಲ್ಲಲಿಲ್ಲ. ನಾನು ಕೂಗುತ್ತಿದ್ದೆನಂತೆ, ಏನೆಂದು ನನಗೆ ನೆನಪಿಲ್ಲ. ಇಳಿಜಾರಿನ ಕೆಳಗೆ ಚಕ್ಕಡಿಗಳು ಸಾಲಾಗಿ ಬರುತ್ತಿದ್ದವು. ಎತ್ತುಗಳ ಕೊಂಬಿಗೆ ಕಟ್ಟಿದ ಕೆಂಪು ಗೊಂಡೆಗಳು ಕಾಣುವಷ್ಟು ಹತ್ತಿರ.

ಧೈರ್ಯದಿಂದ ಸ್ಟೇರಿಂಗ್ ತಿರುಗಿಸಿದೆನೆಂದು ಆಮೇಲೆ ಜನ ಹೇಳಿದರು. ಸುಳ್ಳು. ನನಗೆ ಆ ಕಬ್ಬಿಣದಿಂದ ಓಡಿಹೋಗಬೇಕಿತ್ತು, ಎಲ್ಲಿಯಾದರೂ ಸರಿ. ಎಡಗಡೆ ಹೊಲವಿತ್ತು. ಲಾರಿ ರಸ್ತೆ ಬಿಟ್ಟು ಎರೆಮಣ್ಣಿಗೆ ಇಳಿಯಿತು. ನಮ್ಮ ಎರೆಭೂಮಿ ಮಳೆ ಬಿದ್ದಾಗ ಮನುಷ್ಯನ ಚಪ್ಪಲಿಯನ್ನೇ ಬಿಡುವುದಿಲ್ಲ, ಲಾರಿಯನ್ನು ಬಿಟ್ಟೀತೇ? ಮುಂದಿನ ಗಾಲಿಗಳು ಅಚ್ಚಿನವರೆಗೆ ಹೂತವು. ಬಂಡಿಯೂ ಹಿಂದೆಯೇ ಬಂದು ಹೂತು, ಒಂದು ಪಕ್ಕಕ್ಕೆ ವಾಲಿ ನಿಂತಿತು. ಉರುಳೆಯ ಅಂಚು ನನ್ನ ತಲೆಯ ಮೇಲಿನ ಛಾವಣಿಯನ್ನು ಒತ್ತಿ ತಗ್ಗು ಮಾಡಿತ್ತು. ಕೈ ಎತ್ತಿದ್ದರೆ ಮುಟ್ಟಬಹುದಿತ್ತು.

ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ತಲೆಕೆಳಗಾಗಿ ಜಾರಿ ಕೆಸರಿಗೆ ಬಿದ್ದೆ. ಎದ್ದು ನಿಲ್ಲುವಷ್ಟರಲ್ಲಿ ಆಳುಗಳು ಓಡಿ ಬಂದು, ವಾಲಿದ ಉರುಳೆ ಇನ್ನೂ ಬೀಳದಿರಲೆಂದು ಅದಕ್ಕೆ ಹಗ್ಗ ಹಾಕಿ, ರಸ್ತೆಯ ಬದಿಯ ಬೇವಿನ ಮರಕ್ಕೆ ಸುತ್ತಿ ಹಿಡಿದು ನಿಂತಿದ್ದರು. ಮಾವ ಕೆಸರಿನಲ್ಲಿ ಬೀಳುತ್ತ ಏಳುತ್ತ ನನ್ನ ಕಡೆ ಬಂದರು. ರುಮಾಲು ಎಲ್ಲೋ ಬಿದ್ದುಹೋಗಿತ್ತು. ಅವರ ಬೋಳು ತಲೆಯನ್ನು ನಾನು ಕಂಡದ್ದು ಅದೇ ಮೊದಲು.

ನನ್ನ ಎದುರು ಬಂದು ಕುಸಿದು ಕೂತು ಎರಡೂ ಕೈ ಜೋಡಿಸಿದರು.

“ತಪ್ಪಾತೋ ತಮ್ಮಾ,” ಎಂದರು. ಅಳಿಯಂದಿರು ಗಿಳಿಯಂದಿರು ಎಲ್ಲ ಹೋಗಿತ್ತು. “ನನ್ನ ಮಗಳ ಕುಂಕುಮ ನನ್ನ ಬಾಯಿಲೇ ಅಳಸ್ತಿದ್ನೋ ತಮ್ಮಾ. ತಪ್ಪಾತೋ.”

ಹಿರಿಯರು ಹಾಗೆ ಕೈಮುಗಿದರೆ ನಮ್ಮಲ್ಲಿ ಹೇಳುವುದು ಒಂದೇ ಮಾತು. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ. ಮಾವನ ತಲೆಯ ಮೇಲಿಂದ ನೋಡಿದರೆ ಬೇವಿನ ಮರ, ಬಿಗಿದ ಹಗ್ಗ, ಹಗ್ಗ ಹಿಡಿದವರು. ಅವರೆಲ್ಲ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದರು. ನಮ್ಮ ಮೇಲೆ ಉರುಳೆ ವಾಲಿ ನಿಂತಿತ್ತು.

ಬಾಯಿ ಮುಚ್ಚಿಕೊಂಡೆ.

ಮಾವ ಕಾಯುತ್ತಿದ್ದರು. ನಾನು ಮಾತಾಡದ್ದನ್ನು ಕಂಡು ಅವರ ಮುಖ ಇಳಿಯಿತು. ಜೋಡಿಸಿದ ಕೈ ಮೆಲ್ಲಗೆ ಕೆಳಗೆ ಬಂತು. ನಾನು ಕ್ಷಮಿಸಲಿಲ್ಲವೆಂದು ತಿಳಿದರು. ಹಾಗಲ್ಲ ಮಾವಾ ಎಂದು ಹೇಳಬೇಕೆನ್ನಿಸಿತು, ಆದರೆ ಅಷ್ಟರಲ್ಲಿ ಕಾರವಾರದಿಂದ ತಡೆದುಕೊಂಡು ಬಂದ ಹೆದರಿಕೆಯೆಲ್ಲ ಒಮ್ಮೆಲೇ ಕಾಲಿಗಿಳಿಯಿತು. ಮೊಣಕಾಲು ನಡುಗತೊಡಗಿದವು. ಎಲ್ಲರೆದುರು ಹುಲಿಯಂತಿದ್ದ ಡ್ರೈವರ್ ನಾನು, ಬೀಳುವವನಿದ್ದೆ.

“ಹಿಡೀರಿ!” ಎಂದು ಕೂಗಿದೆ. “ಮಾವಾ, ನನ್ನ ಹಿಡೀರಿ!”

ಮೇಲೆ ಆಳುಗಳೆಲ್ಲ ಹೋ ಎಂದು ಒಮ್ಮೆಲೇ ಹಗ್ಗ ಜಗ್ಗಿದರು. ಬೇವಿನ ಮರ ಎಲೆ ಉದುರಿಸಿತು. ಮಾವ ಎದ್ದು ನನ್ನನ್ನು ಬಾಚಿ ತಬ್ಬಿ ಹಿಡಿದರು. ಅವರು ನನಗಿಂತ ಹೆಚ್ಚು ನಡುಗುತ್ತಿದ್ದರು. ನಾನು ಕೂಸಿನ ಹಾಗೆ ಅಳುತ್ತಿದ್ದೆ, ನಾಚಿಕೆಯಾಗಲಿಲ್ಲ. ಆಳುಗಳು ಹಲ್ಲು ಕಚ್ಚಿ ಹಗ್ಗ ಜಗ್ಗುತ್ತಲೇ ಇದ್ದರು. ಸಾಕೆಂದು ಅವರಿಗೆ ಹೇಳಲು ನನಗೂ ಮಾವನಿಗೂ ಬಹಳ ಹೊತ್ತಿನವರೆಗೆ ಧೈರ್ಯ ಬರಲಿಲ್ಲ.