ಶರಣಮ್ಮನ ಜ್ವರದ ನಕ್ಷೆ

ಶರಣಮ್ಮ, ನಿನ್ನ ಸಂಶೋಧನೆ ನಿಂತದ್ದು ಅದು ಆಗದ ಕೆಲಸ ಎಂಬ ಕಾರಣಕ್ಕಲ್ಲ. ನಿನ್ನ ಮಾರ್ಗದರ್ಶಕನಾದ ನಾನು, ಶಹಾಪುರದ ನಮ್ಮ ಕಾಲೇಜಿನಲ್ಲಿ ಎಲ್ಲರೆದುರು ಕೂತು, ತಿಳಿಯದ್ದನ್ನು ತಿಳಿದವನಂತೆ ಹೇಳಿದೆ — ತಿಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಅಂದು ನೀನು ಗೋಡೆಯ ಮೇಲೆ ಜ್ವರದ ನಕ್ಷೆ ತೋರಿಸಿದೆ. ಒಂದೊಂದು ಊರು ಒಂದೊಂದು ಚುಕ್ಕೆ. ಜನ ಹೋಗಿಬರುವ ಊರುಗಳ ನಡುವೆ ಗೆರೆ. ಯಾವ ಊರಿಗೆ ಜ್ವರ ಬಂದೀತೆಂದು ಕಂಪ್ಯೂಟರ್ ಮೊದಲು ಸುಮ್ಮನೆ ಊಹಿಸುತ್ತದೆ. ಆಮೇಲೆ ನೆರೆಯ ಊರುಗಳನ್ನು ನೋಡುತ್ತ ಒಂದೊಂದೇ ಊಹೆ ಬದಲಿಸುತ್ತದೆ. ಮೊದಲಿನ ಊಹೆಯ ನೆನಪು ಪೂರಾ ಅಳಿದ ಮೇಲಷ್ಟೇ, ಅಂದರೆ ಯಾವ ಊಹೆಯಿಂದ ಹೊರಟರೂ ಒಂದೇ ಕಡೆ ಬಂದಾಗಷ್ಟೇ, ಉತ್ತರ ನಂಬಲು ಯೋಗ್ಯ. ನೀನು ಅದನ್ನೇ ಕೇಳಿದೆ:

“ಸರ್, ಎಷ್ಟ್ ಹೊತ್ತು ಓಡಿಸಿದ್ರ ನಂಬಬಹುದ್ರಿ?”

ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಬಂದ ಹಿರಿಯರಿದ್ದರು, ನಾನು ಹೊಸ ಕೋಟು ಹಾಕಿದ್ದೆ — ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

“ಇಷ್ಟ್ ಊರು ಹಾಕಿದ್ರ ನಮ್ಮ ಜನ್ಮದಾಗ ಮುಗಿಯಂಗಿಲ್ಲವಾ. ಬಿಟ್ಟುಬಿಡು.”

ನೀನು ಬಿಟ್ಟೆ. ವಡಗೇರಾದಿಂದ ದಿನಾ ಬಸ್ಸಿನಲ್ಲಿ ನಿಂತು ಬರುತ್ತಿದ್ದ ಹುಡುಗಿ — ನನ್ನ ಮಾತು ನಂಬಿ ಅದೇ ಬಸ್ಸಿನಲ್ಲಿ ಊರಿಗೆ ಮರಳಿದೆ.

ಆಮೇಲೆ ಓದಿದಾಗ ತಿಳಿಯಿತು. ನಾನು ಊರುಗಳನ್ನು ಎಣಿಸಿದ್ದೆ, ಗೆರೆಗಳ ಬಲ, ಅಂದರೆ ಊರೂರಿನ ನಡುವೆ ಜನ ಎಷ್ಟು ಓಡಾಡುತ್ತಾರೆಂಬುದನ್ನು, ನೋಡಿರಲಿಲ್ಲ. ಕೊಂಕಲ್‌ನವರು ಸುರಪುರಕ್ಕೆ ಹೋಗುವುದು ಯಾವಾಗಲೋ ಒಮ್ಮೆ. ನಂಟು ಹೀಗೆ ಸಡಿಲವಿದ್ದರೆ, ಊರು ಎಷ್ಟಿದ್ದರೂ ಹಳೆಯ ಊಹೆ ಬೇಗ ಮರೆತುಹೋಗುತ್ತದೆ. ನಿನಗೆ ತಿಳಿಸದೆ ನಿನ್ನ ನಕ್ಷೆಯನ್ನು ಓಡಿಸಿ ನೋಡಿದೆ. ಬೇರೆ ಬೇರೆ ಊಹೆಗಳಿಂದ ಹೊರಟರೂ ಉತ್ತರ ಒಂದೇ ಕಡೆ ಬಂದು ನಿಂತಿತು — ನಾನು ಊಟ ಮುಗಿಸಿ ಕೈ ತೊಳೆದು ಬರುವುದರೊಳಗೆ.

ಫೋನು ಕೈಯಲ್ಲೇ ಇತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ... ಅಷ್ಟರಲ್ಲಿ ನೀನು ಸುರಪುರದ ಶಾಲೆಗೆ ಪಾಠ ಹೇಳಲು ಸೇರಿದೆ ಎಂದು ಕೇಳಿದೆ. ನಾಚಿಕೆಯಾಗಬೇಕಿತ್ತು ನನಗೆ. ಆದದ್ದು ನಿರಾಳ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಯಾದಗಿರಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ನೀನು ನಿನ್ನ ಮಗಳನ್ನು ಕರೆದು ನನಗೆ ನಮಸ್ಕಾರ ಮಾಡಿಸಿದೆ. “ಸರ್ ಅವತ್ತ ತಡದಿದ್ದಿಲ್ಲಂದ್ರ ನನ್ನ ವರ್ಷ ಎಲ್ಲಾ ಹಾಳಾಗಿ ಹೋಗ್ತಿದ್ವು ನೋಡವಾ” ಎಂದು ಅವಳಿಗೆ ಹೇಳಿದೆ. ನಾನು — ಆ ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿದೆ. ಎಂಥ ಭಂಡತನ!

ಮತ್ತೆ ಶುರು ಮಾಡು ಎನ್ನುವ ಮುಖ ನನಗಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ. ಇದನ್ನೆಲ್ಲ ಇಲ್ಲಿಯವರೆಗೆ ಮನಸ್ಸಿನಲ್ಲೇ ನಿನಗೆ ಹೇಳಿಕೊಂಡೆ; ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿನಗಿಂತ ಮೊದಲು ನಿನ್ನ ಮಗಳಿಗೆ ಹೇಳಬೇಕಿದೆ:

“ನಿಮ್ಮವ್ವನ ನಕ್ಷೆ ಖರೇ ಇತ್ತವಾ. ಸುಳ್ಳ ಹೇಳಿದಾಂವ ನಾನು.”